ಹಣ ಕೊಡುವವರ ಮುಂದೆ ಸಾವಿನ ಲೆಕ್ಕ ಇಟ್ಟ ಫ್ಲಾರೆನ್ಸ್ ನೈಟಿಂಗೇಲ್

ಆರೋಗ್ಯ ಕ್ಷೇತ್ರದ ಸೇವಾಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ನೀವು ಯಾವತ್ತಾದರೂ ತಿರುವಿ ಹಾಕಿದ್ದೀರಾ? ಬಣ್ಣದ ಚಕ್ರಗಳು, ಏರುತ್ತಾ ಹೋಗುವ ಕಂಬಗಳು, ಪುಟದ ಅರ್ಧ ತುಂಬುವಷ್ಟು ದಪ್ಪ ಸಂಖ್ಯೆಗಳು ಅದರಲ್ಲಿರುತ್ತವೆ. ನಾನು ಓದಿದ್ದು ಫಾರ್ಮಸಿ, ಈಗ ಅರ್ಧ ಹೊಟ್ಟೆಪಾಡು ಅನುವಾದದ್ದು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ವರದಿ ಕನ್ನಡಕ್ಕೆ ತರಲು ನನ್ನ ಕೈಗೆ ಬಂದಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ, ಹಂಚಿದ ಕಬ್ಬಿಣಾಂಶದ ಮಾತ್ರೆಗಳ ಲೆಕ್ಕದ್ದು. ಎಷ್ಟು ಹೆಣ್ಣುಮಕ್ಕಳು ಆ ಮಾತ್ರೆಗಳನ್ನು ನಿಜಕ್ಕೂ ನುಂಗಿದರು, ಎಷ್ಟು ಜನರ ಹಿಮೋಗ್ಲೋಬಿನ್ ಏರಿತು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಕೇಳಿದಾಗ, ದಾನಿಗಳು ಅಷ್ಟೆಲ್ಲ ನೋಡುವುದಿಲ್ಲ ಎಂಬ ಉತ್ತರ ಬಂತು. ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಕೊಟ್ಟ ಮಾತ್ರೆ ಬೇರೆ, ನುಂಗಿದ ಮಾತ್ರೆ ಬೇರೆ, ವಾಸಿಯಾದ ರೋಗಿ ಬೇರೆ.

ಆ ವರದಿಯ ಕೆಲಸ ಮಾಡುತ್ತಿದ್ದಾಗಲೇ ನನಗೆ ಫ್ಲಾರೆನ್ಸ್ ನೈಟಿಂಗೇಲ್ ಮತ್ತೆ ಎದುರಾದರು. ಶಾಲೆಯ ಪಾಠದಲ್ಲಿ ನೀವೂ ಅವರನ್ನು ನೋಡಿರುತ್ತೀರಿ: ಕೈಯಲ್ಲಿ ದೀಪ, ಗಾಯಾಳು ಸೈನಿಕರ ಸಾಲು, ರಾತ್ರಿ ಹೊತ್ತು. ಆದರೆ ಅವರ ಬದುಕಿನ ದೊಡ್ಡ ಭಾಗ ಕಳೆದದ್ದು ಲಂಡನ್ನಿನ ಒಂದು ಕೋಣೆಯಲ್ಲಿ, ಕಾಗದಗಳ ರಾಶಿಯ ನಡುವೆ. ಕೆಲಸದ ಫಲವನ್ನು ಹಣ ಕೊಡುವವರ ಕಣ್ಣಿಗೆ ಹೇಗೆ ಕಾಣಿಸಬೇಕು ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಕೂತು ಬಿಡಿಸಿದ ರೀತಿ ಇವತ್ತಿಗೂ ಪಾಠವಾಗಬಲ್ಲದು.

ಲೆಕ್ಕ ಕಲಿತ ಹುಡುಗಿ

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹೆಸರು ಬಂದದ್ದೂ ಆ ಊರಿನಿಂದಲೇ. ಇಂಗ್ಲೆಂಡಿನ ಶ್ರೀಮಂತ ಕುಟುಂಬ, ಎರಡೆರಡು ಬಂಗಲೆ. ತಂದೆ ವಿಲಿಯಂ ನೈಟಿಂಗೇಲ್ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಇತಿಹಾಸವನ್ನು ಮನೆಯಲ್ಲೇ ಕಲಿಸಿದರು. ಕಿರಿಯ ಮಗಳಿಗೆ ಗಣಿತದ ಹುಚ್ಚು ಹಿಡಿಯಿತು. ಅದಕ್ಕಿಂತ ದೊಡ್ಡ ತಲೆನೋವಾದದ್ದು, ಆಕೆ ನರ್ಸ್ ಆಗುತ್ತೇನೆಂದು ಹಟ ಹಿಡಿದದ್ದು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಶುಶ್ರೂಷೆ ಎಂದರೆ ಮರ್ಯಾದಸ್ಥ ಮನೆಯವರು ಮಾಡುವ ಕೆಲಸವಲ್ಲ. ವರ್ಷಗಟ್ಟಲೆ ಜಗ್ಗಾಟದ ನಂತರ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಮರುವರ್ಷವೇ ಯುದ್ಧ.

ಸ್ಕುಟಾರಿಯ ಚಳಿಗಾಲ

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಕಪ್ಪು ಸಮುದ್ರದ ಕ್ರಿಮಿಯಾದಲ್ಲಿ ಕಾದಾಟ. ಅಲ್ಲಿ ಗಾಯಗೊಂಡ, ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಇಸ್ತಾಂಬುಲ್ ಎದುರಿನ ಸ್ಕುಟಾರಿಗೆ ತರುತ್ತಿದ್ದರು. ಆಸ್ಪತ್ರೆಗಳ ದುರವಸ್ಥೆಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ ಬಯಲು ಮಾಡಿತು. ಜನ ಸಿಟ್ಟಿಗೆದ್ದರು, ಪತ್ರಿಕೆಯ ನಿಧಿಗೆ ದುಡ್ಡು ಹರಿದುಬಂತು. ಯುದ್ಧ ಇಲಾಖೆಯ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲ್ ಕುಟುಂಬಕ್ಕೆ ಪರಿಚಿತರು. ಅವರು ಹೇಳಿಕಳಿಸಿದರು. 1854ರ ನವೆಂಬರ್ 4ರಂದು ನೈಟಿಂಗೇಲ್ 38 ಮಹಿಳೆಯರೊಂದಿಗೆ ಸ್ಕುಟಾರಿಯಲ್ಲಿ ಇಳಿದರು.

ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಹಾಸಿಗೆ ಬಟ್ಟೆ, ಬ್ಯಾಂಡೇಜು, ಹೊಟ್ಟೆಗೆ ಒಗ್ಗುವ ಆಹಾರ, ಇವೆಲ್ಲ ಅವರು ಬಂದ ಮೇಲೆ ಸುಧಾರಿಸಿದವು. ಸೈನಿಕರು ಅವರನ್ನು ದೇವರಂತೆ ಕಂಡರು. 1855ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ಸಚಿತ್ರ ಪತ್ರಿಕೆ ದೀಪ ಹಿಡಿದ ಅವರ ಚಿತ್ರ ಅಚ್ಚು ಹಾಕಿತು. ನಮ್ಮ ಪಠ್ಯಪುಸ್ತಕಗಳ ಚಿತ್ರದ ಮೂಲ ಅದೇ.

ಇಲ್ಲಿ ಸ್ವಲ್ಪ ನಿಲ್ಲಿ. ಅದೇ ಫೆಬ್ರವರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಸತ್ತವರ ಪ್ರಮಾಣ ಶೇಕಡಾ 42.7. ನೈಟಿಂಗೇಲ್ ಬಂದು ಮೂರು ತಿಂಗಳು ಕಳೆದಿತ್ತು. ಸಾವು ಇಳಿದಿರಲಿಲ್ಲ, ಏರಿತ್ತು.

ಯಾಕೆ? ಕಟ್ಟಡದ ಕೆಳಗೇ ಮುಚ್ಚಿಹೋದ ಚರಂಡಿಗಳು. ಕಕ್ಕಸುಗಳ ದುರ್ವಾಸನೆ ವಾರ್ಡುಗಳಿಗೇ ನುಗ್ಗುತ್ತಿತ್ತು. ಕಿಟಕಿ ತೆರೆಯುವಂತಿಲ್ಲ, ಹಾಸಿಗೆಗಳ ನಡುವೆ ಜಾಗವಿಲ್ಲ, ಕುಡಿಯುವ ನೀರು ಕೊಳಕು. ಒಳಗೆ ಆಮಶಂಕೆ, ಕಾಲರಾ, ಟೈಫಸ್. ಎಷ್ಟು ಚೆನ್ನಾಗಿ ಶುಶ್ರೂಷೆ ಮಾಡಿದರೂ ಮಲ ಬೆರೆತ ನೀರನ್ನು ಕುಡಿಸುತ್ತಾ ಹೋದರೆ ರೋಗಿ ಉಳಿಯುವುದಿಲ್ಲ. 1855ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ವೈದ್ಯ ಜಾನ್ ಸದರ್‌ಲ್ಯಾಂಡ್, ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಇದ್ದರು. ಚರಂಡಿ ತೊಳೆಸಿದರು, ಕಸ ಮತ್ತು ಸತ್ತ ಪ್ರಾಣಿಗಳನ್ನು ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ಶೇಕಡಾ 2.2ಕ್ಕೆ ಇಳಿದಿತ್ತು.

ಅಷ್ಟೂ ಇಳಿಕೆ ಚರಂಡಿಯದ್ದೇ ಎಂದು ಹೇಳಲಾಗದು. ಚಳಿ ಮುಗಿದಿತ್ತು, ಹಡಗಿನಲ್ಲಿ ಬರುವ ರೋಗಿಗಳ ನೂಕುನುಗ್ಗಲು ಕಡಿಮೆಯಾಗಿತ್ತು, ಸೈನಿಕರ ಊಟ ಬಟ್ಟೆ ಸುಧಾರಿಸಿತ್ತು. ತಾನಾಗಿ ಇಳಿಯಬೇಕಿದ್ದ ಜ್ವರ ಇಳಿದಾಗ ಕೊನೆಗೆ ಕೊಟ್ಟ ಮಾತ್ರೆಗೆ ಹೆಸರು ಬರುವುದನ್ನು ನಾನು ದಿನವೂ ನೋಡುತ್ತೇನೆ. ಇತಿಹಾಸಕಾರರು ಈ ಪಾಲು ಹಂಚಿಕೆಯ ಬಗ್ಗೆ ಇಂದಿಗೂ ವಾದಿಸುತ್ತಾರೆ.

ದೀಪಕ್ಕೆ ಬಂದ ಹಣ, ಚರಂಡಿಗೆ ಬಾರದ ಹಣ

1855ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಸಭೆ ಸೇರಿತು. ನೈಟಿಂಗೇಲ್ ಹೆಸರಲ್ಲಿ ನಿಧಿ ಶುರುವಾಯಿತು. ಸೈನಿಕರು ತಮ್ಮ ಒಂದು ದಿನದ ಸಂಬಳ ಕೊಟ್ಟರು. ಒಟ್ಟು 44,000 ಪೌಂಡಿಗೂ ಹೆಚ್ಚು ಸೇರಿತು. ಅವರು ಕೇಳಿದ ಹಣವಲ್ಲ ಅದು. ದೀಪದ ಚಿತ್ರ ನೋಡಿ, ಕಥೆ ಕೇಳಿ ಜನ ಕೊಟ್ಟದ್ದು. ಆ ಹಣದಲ್ಲೇ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ನಿಮ್ಮ ಊರಿನ ಆಸ್ಪತ್ರೆಯ ತರಬೇತಿ ಪಡೆದ ನರ್ಸ್‌ಗೂ ಆ ಶಾಲೆಗೂ ದೂರದ ನಂಟಿದೆ.

ಆದರೆ ಸೈನಿಕರ ಜೀವ ಉಳಿಯಬೇಕಾದರೆ ಬೇಕಿದ್ದದ್ದು ಚರಂಡಿ, ನೀರು, ಗಾಳಿಯಾಡುವ ಬ್ಯಾರಕ್ಕು. ಅದಕ್ಕೆ ಬೇಕಾದ ಹಣ ಯಾವ ಚಂದಾ ಪಟ್ಟಿಯಿಂದಲೂ ಹುಟ್ಟುವಂಥದ್ದಲ್ಲ. ಕೊಡಬೇಕಾದವರು ಸಂಸತ್ತು ಮತ್ತು ಯುದ್ಧ ಇಲಾಖೆ. ಅಲ್ಲಿ ಕೂತವರಿಗೆ ದೀಪದ ಕಥೆ ಸಾಕಾಗುತ್ತಿರಲಿಲ್ಲ. ಯುದ್ಧ ಎಂದ ಮೇಲೆ ಸಾವು ಸಹಜ ಎಂಬುದು ಸೈನ್ಯದ ಹಿರಿಯರ ನಂಬಿಕೆ.

1856ರ ಆಗಸ್ಟ್‌ನಲ್ಲಿ ನೈಟಿಂಗೇಲ್ ಊರಿಗೆ ಮರಳಿದರು, ಮೆರವಣಿಗೆಗಳನ್ನು ತಪ್ಪಿಸಿಕೊಂಡು, ಬೇರೆ ಹೆಸರಿಟ್ಟುಕೊಂಡು. ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ರಾಣಿ ವಿಕ್ಟೋರಿಯಾರನ್ನು ಕಂಡರು. 1857ರಲ್ಲಿ ಸೈನ್ಯದ ಆರೋಗ್ಯದ ಬಗ್ಗೆ ರಾಯಲ್ ಕಮಿಷನ್ ನೇಮಕವಾಯಿತು, ಅಧ್ಯಕ್ಷತೆ ಸಿಡ್ನಿ ಹರ್ಬರ್ಟ್ ಅವರದ್ದು. ಹೆಣ್ಣೆಂಬ ಕಾರಣಕ್ಕೆ ನೈಟಿಂಗೇಲ್ ಅದರ ಸದಸ್ಯೆಯಾಗುವ ಹಾಗಿರಲಿಲ್ಲ. ಆದರೂ ಹಿಂದಿನ ಕೆಲಸದಲ್ಲಿ ದೊಡ್ಡ ಪಾಲು ಅವರದ್ದೇ. ಅಷ್ಟರಲ್ಲಿ ಅವರ ಆರೋಗ್ಯ ಕುಸಿದಿತ್ತು. ಕ್ರಿಮಿಯಾದಲ್ಲಿ ತಗುಲಿದ ಜ್ವರದ ಪರಿಣಾಮವಿರಬೇಕು, ಬ್ರೂಸೆಲ್ಲೋಸಿಸ್ ಆಗಿದ್ದಿರಬಹುದು ಎಂದು ಈಗಿನ ಹಲವರ ಊಹೆ. ಮುಂದಿನ ದಶಕಗಳ ಕೆಲಸವೆಲ್ಲ ಬಹುಪಾಲು ಹಾಸಿಗೆ ಇಲ್ಲವೇ ಸೋಫಾದ ಮೇಲಿನಿಂದ ನಡೆಯಿತು.

ಅವರಿಗೆ ಜೊತೆಯಾದವರು ವಿಲಿಯಂ ಫಾರ್, ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯ ಅಂಕಿಅಂಶ ತಜ್ಞ. ಯುದ್ಧಭೂಮಿಯ ದಾಖಲೆಗಳು ಗೋಜಲು ಗೋಜಲು. ಒಂದೇ ಆಸ್ಪತ್ರೆಯ ಸಾವಿನ ಲೆಕ್ಕ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ. ಅದನ್ನೆಲ್ಲ ತಾಳೆ ನೋಡಿ ಸರಿಪಡಿಸುವ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು. ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರು ಸುಮಾರು 21,000. ಅದರಲ್ಲಿ ಸುಮಾರು 16,000 ಮಂದಿ ಸತ್ತದ್ದು ಗುಂಡಿನಿಂದಲ್ಲ, ಕಾಯಿಲೆಯಿಂದ. ಸ್ಕುಟಾರಿ, ತಾನು ಹಗಲಿರುಳು ದುಡಿದ ಆ ಜಾಗ, ಅತ್ಯಂತ ಹೆಚ್ಚು ಜನ ಸತ್ತ ಆಸ್ಪತ್ರೆಗಳಲ್ಲಿ ಒಂದು.

ಈಗ ನೀವೇ ಯೋಚಿಸಿ. ಇಡೀ ದೇಶ ನಿಮ್ಮನ್ನು ಹೊಗಳುತ್ತಿದೆ, ನಿಮ್ಮ ಹೆಸರಿನ ನಿಧಿ ತುಂಬಿದೆ. ಸಾವು ಶೇಕಡಾ 42ರಿಂದ 2ಕ್ಕೆ ಇಳಿದ ಗೆರೆಯನ್ನು ಬರೆದು, ಅದರ ತುದಿಗೆ ನಿಮ್ಮ ನರ್ಸುಗಳ ಚಿತ್ರ ಅಂಟಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇವತ್ತಿನ ಎಷ್ಟೋ ವರದಿಗಳು ಮಾಡುವುದು ಅದನ್ನೇ.

ಮೂರು ಬಣ್ಣ, ಹನ್ನೆರಡು ಹೋಳು

ಫಾರ್ ಅವರ ಪ್ರಕಾರ ಅಂಕಿಅಂಶ ಒಣಒಣವಾಗಿದ್ದಷ್ಟೂ ಒಳ್ಳೆಯದು. ನೈಟಿಂಗೇಲ್ ಅವರಿಗೆ ಹಾಗನಿಸಲಿಲ್ಲ. ಮಂತ್ರಿಗಳು ಕೋಷ್ಟಕಗಳನ್ನು ಓದುವುದಿಲ್ಲ, ಕಿವಿಗೆ ಹೇಳಿದ್ದು ಒಳಗೆ ಇಳಿಯುವುದಿಲ್ಲ, ಕಣ್ಣಿಗೇ ಹಾಕಬೇಕು ಎಂಬುದು ಅವರ ನಿಲುವು. 1858ರಲ್ಲಿ ಅಚ್ಚಾದ ಅವರ ವರದಿಯಲ್ಲಿ ಪ್ರಸಿದ್ಧ ಚಿತ್ರಗಳು ಬಂದವು.

ಅವುಗಳಲ್ಲಿ ಮುಖ್ಯವಾದದ್ದನ್ನು ಮನಸ್ಸಿನಲ್ಲೇ ಬಿಡಿಸಿಕೊಳ್ಳಿ. ಒಂದು ಪುಟದಲ್ಲಿ ಎರಡು ವೃತ್ತಗಳು. ಬಲಗಡೆಯದು ದೊಡ್ಡದು: 1854ರ ಏಪ್ರಿಲ್‌ನಿಂದ 1855ರ ಮಾರ್ಚ್‌ವರೆಗೆ. ಎಡಗಡೆಯದು ಚಿಕ್ಕದು: ಮುಂದಿನ ಹನ್ನೆರಡು ತಿಂಗಳು. ಎರಡನ್ನೂ ಜೋಡಿಸುವ ಒಂದು ಚುಕ್ಕಿಗೆರೆ. ಪ್ರತಿ ತಿಂಗಳಿಗೆ ಒಂದು ಹೋಳು, ಎಲ್ಲ ಹೋಳುಗಳ ಕೋನವೂ ಒಂದೇ. ಸಾವು ಹೆಚ್ಚಾದ ತಿಂಗಳಿನ ಹೋಳು ಹೊರಗೆ ಚಾಚಿಕೊಳ್ಳುತ್ತದೆ. ನೀಲಿ ಬಣ್ಣ ತಡೆಯಬಹುದಾಗಿದ್ದ ರೋಗಗಳಿಗೆ, ಕೆಂಪು ಗಾಯಗಳಿಗೆ, ಕಪ್ಪು ಉಳಿದ ಕಾರಣಗಳಿಗೆ.

1855ರ ಜನವರಿಯ ಹೋಳನ್ನೇ ನೋಡಿ. ಆ ತಿಂಗಳು ರೋಗದಿಂದ ಸತ್ತವರು 2,761, ಗಾಯದಿಂದ 83, ಬೇರೆ ಕಾರಣಕ್ಕೆ 324. ಸೈನ್ಯದ ಸರಾಸರಿ ಬಲ 32,393. ಅದೇ ವೇಗದಲ್ಲಿ ವರ್ಷವಿಡೀ ಸಾಗಿದ್ದರೆ, ಶತ್ರು ಒಂದು ಗುಂಡೂ ಹಾರಿಸದೆ ಇಡೀ ಸೈನ್ಯ ರೋಗದಿಂದಲೇ ಅಳಿದುಹೋಗುತ್ತಿತ್ತು. ಈ ಸಂಖ್ಯೆಗಳನ್ನು ಓದಲು ನಿಮಗೆ ಕೆಲವು ಕ್ಷಣ ಬೇಕಾಯಿತು. ಚಿತ್ರದಲ್ಲಿ ಆ ನೀಲಿ ರೆಕ್ಕೆ ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಕೆಂಪು ಎಲ್ಲಿದೆ ಎಂದು ಹುಡುಕಬೇಕು.

ಈ ಚಿತ್ರವನ್ನು ಅವರು ಮೊದಲ ಸಲ ಮಾಡಿದಾಗ ಒಂದು ತಪ್ಪು ಇತ್ತು. ಸಾವಿನ ಪ್ರಮಾಣಕ್ಕೆ ತಕ್ಕಂತೆ ಹೋಳಿನ ಉದ್ದ ಇಟ್ಟಿದ್ದರು. ಆರು ಇಂಚಿನ ದೋಸೆಗೂ ಹನ್ನೆರಡು ಇಂಚಿನ ದೋಸೆಗೂ ಹಿಟ್ಟು ಎಷ್ಟು ವ್ಯತ್ಯಾಸ? ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗೆಯೇ ಉದ್ದ ಎರಡು ಪಟ್ಟಾದರೆ ಕಣ್ಣಿಗೆ ಕಾಣುವ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅಂದರೆ ಚಿತ್ರ ಸಾವನ್ನು ಇದ್ದದ್ದಕ್ಕಿಂತ ಭಯಂಕರವಾಗಿ ತೋರಿಸುತ್ತಿತ್ತು, ಅವರ ವಾದಕ್ಕೆ ಅನುಕೂಲವಾಗಿಯೇ. ಅವರು ತಿದ್ದುಪಡಿ ಚೀಟಿ ಸೇರಿಸಿದರು. ಮುಂದಿನ ಚಿತ್ರಗಳಲ್ಲಿ ವಿಸ್ತೀರ್ಣಕ್ಕೇ ಲೆಕ್ಕ ಹಾಕಿದರು. ಇವತ್ತು ಸಂಖ್ಯೆ ಎರಡರಷ್ಟಾಗಿದೆ ಎಂದು ತೋರಿಸಲು ಮಾತ್ರೆಯ ಚಿತ್ರವನ್ನು ಅಗಲಕ್ಕೂ ಎತ್ತರಕ್ಕೂ ಎರಡರಷ್ಟು ಮಾಡುವ ವರದಿಗಳನ್ನು ಕಂಡಾಗ ನನಗೆ ಆ ಚೀಟಿ ನೆನಪಾಗುತ್ತದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಆ ಎರಡು ವೃತ್ತಗಳಲ್ಲಿ ನೈಟಿಂಗೇಲ್ ಸ್ಕುಟಾರಿಗೆ ಬಂದಿಳಿದ ದಿನದ ಗುರುತೇ ಇಲ್ಲ. 1854ರ ನವೆಂಬರ್ ಬರಿಯ ಒಂದು ಹೋಳು, ಅದರ ನಂತರದವು ಇನ್ನೂ ದೊಡ್ಡವು. ಸ್ಕುಟಾರಿ ಮತ್ತು ಪಕ್ಕದ ಕುಲಾಲಿ ಆಸ್ಪತ್ರೆಗಳ ಬಗ್ಗೆ ಅವರು ಮಾಡಿದ ಪ್ರತ್ಯೇಕ ಚಿತ್ರದಲ್ಲಿ ಮಾತ್ರ ಒಂದು ಗುರುತಿದೆ. ಅದು ನೈರ್ಮಲ್ಯ ಕೆಲಸ ಶುರುವಾದ ದಿನದ್ದು. ಹೊಗಳಿಕೆ ಯಾರಿಗೆ ಸೇರಬೇಕೆಂದು ಅವರು ತೋರಿಸಿದ್ದು ಹೀಗೆ. ಹಣ ಯಾವುದಕ್ಕೆ ಕೊಡಬೇಕೆಂದು ಸರ್ಕಾರಕ್ಕೆ ತೋರಿಸಿದ್ದೂ ಹೀಗೆಯೇ.

ಹೋಲಿಕೆಯನ್ನು ಆಯ್ದುಕೊಳ್ಳುವುದರಲ್ಲೂ ಅವರ ಜಾಣತನ ಕಾಣುತ್ತದೆ. ಒಂದು ಚಿತ್ರದಲ್ಲಿ ಒಳಗೊಂದು ಪುಟ್ಟ ವೃತ್ತ: ಸೈನ್ಯ ಮ್ಯಾಂಚೆಸ್ಟರ್ ನಗರದಷ್ಟು ಆರೋಗ್ಯವಾಗಿದ್ದಿದ್ದರೆ ಸಾವು ಎಷ್ಟಿರುತ್ತಿತ್ತು ಎಂಬುದು. ಮ್ಯಾಂಚೆಸ್ಟರ್ ಆಗ ಹೊಗೆ, ಕೊಳಕು, ಕಾಯಿಲೆಗೆ ಹೆಸರಾದ ಊರು. ಅದಕ್ಕೂ ಹೋಲಿಸಲಾಗದಷ್ಟು ಕೆಟ್ಟಿದ್ದೇವೆ ಎಂದು ತೋರಿಸಿದರೆ ಮಂತ್ರಿಗಳು ತಪ್ಪಿಸಿಕೊಳ್ಳಲು ಎಲ್ಲಿಗೆ ಹೋಗುತ್ತಾರೆ? ಇನ್ನೊಂದು ಚಿತ್ರ ಯುದ್ಧದ್ದೇ ಅಲ್ಲ. ಶಾಂತಿಕಾಲದಲ್ಲಿ, ಇಂಗ್ಲೆಂಡಿನಲ್ಲೇ ಬ್ಯಾರಕ್ಕುಗಳಲ್ಲಿದ್ದ ಸೈನಿಕರದ್ದು. 20ರಿಂದ 25 ವಯಸ್ಸಿನ ಸಾಮಾನ್ಯ ಗಂಡಸರಲ್ಲಿ ವರ್ಷಕ್ಕೆ ಸಾವಿರಕ್ಕೆ 8.4 ಸಾವು, ಅದೇ ವಯಸ್ಸಿನ ಸೈನಿಕರಲ್ಲಿ 17. ಸೈನ್ಯಕ್ಕೆ ಸೇರಿಸಿಕೊಳ್ಳುವುದೇ ಗಟ್ಟಿಮುಟ್ಟಾದವರನ್ನು ಆರಿಸಿ. ನಾಲ್ಕು ವಯೋಗುಂಪು, ಪ್ರತಿಯೊಂದಕ್ಕೂ ಒಂದು ಕಪ್ಪು ಪಟ್ಟಿ, ಒಂದು ಕೆಂಪು ಪಟ್ಟಿ. ಪ್ರತಿ ಸಲವೂ ಕೆಂಪೇ ಉದ್ದ. ಯುದ್ಧ ಎಂದರೆ ಸಾವು ಸಹಜ ಎನ್ನುವವರಿಗೆ ಅಲ್ಲಿಗೆ ಬಾಯಿ ಕಟ್ಟಿತು.

ಈ ಚಿತ್ರಗಳ ಪುಸ್ತಿಕೆಗೆ ಅವರು ತಮಾಷೆಗೆ ಇಟ್ಟ ಹೆಸರು ಕಾಕ್ಸ್‌ಕೋಂಬ್, ಅಂದರೆ ಹುಂಜದ ಜುಟ್ಟು. ಈಗ ಅನೇಕರು ಆ ವೃತ್ತಚಿತ್ರಕ್ಕೇ ಆ ಹೆಸರೆಂದು ಬರೆಯುತ್ತಾರೆ, ಅದು ತಪ್ಪು. ಅದನ್ನು ರಾಣಿಗೆ, ಮಂತ್ರಿಗಳಿಗೆ, ಸೇನಾಧಿಕಾರಿಗಳಿಗೆ, ಪತ್ರಿಕೆಗಳಿಗೆ ಯಾರು ಯಾರಿಗೆ ಕಳಿಸಬೇಕೆಂದು ಪಟ್ಟಿ ಹಾಕಿದರು. 1859ರಲ್ಲಿ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕದಲ್ಲೂ ಈ ಅಂಕಿಅಂಶ ಹೋಯಿತು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಫಲವೂ ಸಿಕ್ಕಿತು. ಬ್ಯಾರಕ್ಕುಗಳ ಗಾಳಿ, ನೀರು, ಚರಂಡಿ ಸರಿಪಡಿಸಲು ಹಣ ಬಂತು. 1860ರಲ್ಲಿ ಸೈನ್ಯದ ವೈದ್ಯಕೀಯ ಶಾಲೆ ತೆರೆಯಿತು. ಸೈನ್ಯದ ರೋಗ ಮತ್ತು ಸಾವಿನ ಲೆಕ್ಕವನ್ನು ವ್ಯವಸ್ಥಿತವಾಗಿ ಇಡುವ ವಿಭಾಗ ಬಂತು. ಚಿತ್ರ ಒಂದರಿಂದಲೇ ಇದೆಲ್ಲ ಆಯಿತೆಂದು ಹೇಳಿದರೆ ಅದು ನಾನು ದೂರುತ್ತಿರುವ ವರದಿಗಳ ಚಾಳಿಯೇ ಆಗುತ್ತದೆ. ಸಿಡ್ನಿ ಹರ್ಬರ್ಟ್ ಅವರ ಅಧಿಕಾರ, ಫಾರ್ ಅವರ ಲೆಕ್ಕ, ಪತ್ರಿಕೆಗಳ ಒತ್ತಡ ಎಲ್ಲವೂ ಸೇರಿತ್ತು. ಹರ್ಬರ್ಟ್ 1861ರಲ್ಲಿ ತೀರಿಕೊಂಡ ಮೇಲೆ ಸುಧಾರಣೆಯ ಗಾಡಿ ಎಷ್ಟು ನಿಧಾನವಾಯಿತೆಂಬುದೇ ಇದಕ್ಕೆ ಸಾಕ್ಷಿ.

ಅವರ ರೋಗವಿಜ್ಞಾನ ಪೂರ್ತಿ ಸರಿಯಿರಲಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಕೆಟ್ಟ ಗಾಳಿಯೇ ರೋಗದ ಮೂಲ ಎಂಬ ಆ ಕಾಲದ ನಂಬಿಕೆ ಅವರದ್ದೂ ಆಗಿತ್ತು. ರೋಗಾಣುಗಳ ಸಿದ್ಧಾಂತವನ್ನು ಒಪ್ಪಲು ತುಂಬಾ ತಡ ಮಾಡಿದರು. ಆದರೆ ದುರ್ವಾಸನೆ ಹೋಗಲೆಂದು ಚರಂಡಿ ತೊಳೆಸಿದರೂ ರೋಗಾಣು ಹೋಗುತ್ತದೆ.

ಭಾರತದ ಲೆಕ್ಕ

ಸೈನ್ಯದ ಆರೋಗ್ಯದ ಪ್ರಶ್ನೆ ಅಲ್ಲಿಂದ ನೇರವಾಗಿ ನಮ್ಮ ನೆಲಕ್ಕೆ ಬಂತು. 1857ರ ದಂಗೆಯ ನಂತರ ಭಾರತದಲ್ಲಿ ಬ್ರಿಟಿಷ್ ಸೈನಿಕರ ಸಂಖ್ಯೆ ಏರಿತು, 1859ರಲ್ಲಿ ಇಲ್ಲಿನ ಸೈನ್ಯದ ನೈರ್ಮಲ್ಯಕ್ಕೂ ಒಂದು ಆಯೋಗ ನೇಮಕವಾಯಿತು. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಬದಲಿಗೆ ಪ್ರಶ್ನಾವಳಿ ಕಳಿಸಿದರು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಬ್ಬೊಬ್ಬನಿಗೆ ಎಷ್ಟು ಜಾಗ, ಎಷ್ಟು ಕಾಯಿಲೆ, ಎಷ್ಟು ಸಾವು? ಪುಣೆ, ಸಿಕಂದರಾಬಾದ್, ಬಳ್ಳಾರಿ, ಬೆಂಗಳೂರಿನಂಥ ದಂಡಿನ ಊರುಗಳಿಂದ ಉತ್ತರ ಹೋದವು. ನೀವು ಈಗ ಕ್ಯಾಂಟೋನ್ಮೆಂಟ್ ಎಂದು ಕರೆಯುವ ಬಡಾವಣೆಗಳೇ ಅವು. 1863ರ ವರದಿ ಎರಡು ಸಾವಿರ ಪುಟ ದಾಟಿತು. ಅಷ್ಟನ್ನು ಯಾರೂ ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಮ್ಮ ಟಿಪ್ಪಣಿಗಳನ್ನು ಪ್ರತ್ಯೇಕ ಸಣ್ಣ ಪುಸ್ತಕ ಮಾಡಿ, ಸೋದರಸಂಬಂಧಿ ಹಿಲರಿ ಬಾನ್‌ಹಮ್ ಕಾರ್ಟರ್ ಅವರ ಚಿತ್ರಗಳನ್ನು ಸೇರಿಸಿ ಹಂಚಿದರು.

ಆ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳ ನಂತರ, 1873ರಲ್ಲಿ, ಅದು 18ಕ್ಕೆ ಇಳಿದಿದೆ ಎಂದು ಅವರು ಬರೆದರು. ಇಲ್ಲಿ ನಾನು ಅವರನ್ನೂ ಸ್ವಲ್ಪ ತಡೆದು ಕೇಳುತ್ತೇನೆ. 69ರ ಸರಾಸರಿಯಲ್ಲಿ ಹಳೆಯ ಯುದ್ಧದ ವರ್ಷಗಳೂ ಸೇರಿದ್ದವು. ಇನ್ನೂ ದೊಡ್ಡ ಕೊರತೆಯೆಂದರೆ, ಬ್ಯಾರಕ್ಕಿನ ಗೋಡೆಯಾಚೆಗಿನ ಜನರ ಸಾವಿಗೆ ಹೀಗೆ ಹೋಲಿಸಬಲ್ಲ ಲೆಕ್ಕವೇ ಇರಲಿಲ್ಲ. ಅದು ಅವರ ಗಮನಕ್ಕೆ ಬಾರದೆ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರ ಪತ್ರಗಳೂ ಲೇಖನಗಳೂ ಸೈನಿಕರನ್ನು ಬಿಟ್ಟು ಹಳ್ಳಿಗಳ ನೀರು, ನೀರಾವರಿ, ಬರಗಾಲದ ಕಡೆಗೆ ತಿರುಗಿದವು.

ಎಲ್ಲ ಕಡೆ ಗೆಲುವೇ ಸಿಕ್ಕಲಿಲ್ಲ. 1861ರ ಇಂಗ್ಲೆಂಡಿನ ಜನಗಣತಿಯಲ್ಲಿ ಕಾಯಿಲೆ ಮತ್ತು ವಸತಿಯ ಪ್ರಶ್ನೆಗಳನ್ನು ಸೇರಿಸಿ ಎಂದು ಕೇಳಿದರು, ಸೇರಿಸಲಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಲಿ ಎಂದು 1860ರ ಅಂತರರಾಷ್ಟ್ರೀಯ ಅಂಕಿಅಂಶ ಸಮಾವೇಶದ ಮುಂದಿಟ್ಟ ಯೋಜನೆಗೆ ಮೆಚ್ಚುಗೆ ಸಿಕ್ಕಿತು, ಆದರೆ ಅದು ಹೆಚ್ಚು ಕಾಲ ನಡೆಯಲಿಲ್ಲ. ಸಾರ್ವಜನಿಕ ಕೆಲಸದ ಫಲವನ್ನು ಅಳೆಯುವುದು ಹೇಗೆಂದು ಕಲಿಸಲು ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸುವ ಆಸೆ 1891ರಲ್ಲಿ ಮಾತುಕತೆಯ ಹಂತದಲ್ಲೇ ಬಿದ್ದುಹೋಯಿತು. ಆಗ ಅವರ ವಯಸ್ಸು 71.

ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರೇ. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಕುಟುಂಬದ ಸಮಾಧಿಯಲ್ಲೇ ಇಟ್ಟರು. ಕಲ್ಲಿನ ಮೇಲೆ ಅವರಿಗಾಗಿ ಕೆತ್ತಿರುವುದು ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ತಾರೀಕು, ಸತ್ತ ತಾರೀಕು.